ಸೀಟಿನ ಎತ್ತರ, ಮಂಡಿಯ ಕೋನ: ಎರಡು ಸೂತ್ರಗಳ ಮರುಪರಿಶೀಲನೆ

ಸೈಕಲ್ ಸೀಟನ್ನು ಎಷ್ಟು ಎತ್ತರಿಸಬೇಕು ಎನ್ನುವುದಕ್ಕೆ ಎರಡು ಸೂತ್ರಗಳು ಪ್ರಚಲಿತವಾಗಿವೆ. ಎರಡಕ್ಕೂ ಆಧಾರ ತೊಡೆಸಂದಿಯಿಂದ ನೆಲದವರೆಗಿನ ಕಾಲಿನ ಒಳ ಅಳತೆ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕೆಳಗಿಳಿದ ಪೆಡಲ್‌ನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಈ ಅಳತೆಯ ಶೇ. 109ರಷ್ಟಿರಬೇಕು. 1980ರ ದಶಕದಲ್ಲಿ ರೇಸ್ ಸೈಕಲ್ ಸವಾರ ಗ್ರೆಗ್ ಲೆಮಾಂಡ್ ಹೆಸರಿನೊಂದಿಗೆ ಪ್ರಸಿದ್ಧವಾದ ಇನ್ನೊಂದು ಸೂತ್ರ ಅದೇ ಅಳತೆಯನ್ನು 0.883ರಿಂದ ಗುಣಿಸಿ, ಪೆಡಲ್ ತೋಳು (ಕ್ರ್ಯಾಂಕ್) ತಿರುಗುವ ಅಚ್ಚಾದ ಬಾಟಮ್ ಬ್ರ್ಯಾಕೆಟ್‌ನ ನಡುವಿನಿಂದ ಅಳೆಯುತ್ತದೆ.

ಎರಡೂ ಹೆಚ್ಚುಕಡಿಮೆ ಒಂದೇ ಎಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಕ್ರ್ಯಾಂಕ್ 17 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಒಳ ಅಳತೆ 80 ಸೆಂ.ಮೀ. ಇರುವವರಿಗೆ ಪೆಡಲ್‌ನಿಂದ ಸೀಟಿನ ದೂರ ಮೊದಲ ಸೂತ್ರದಲ್ಲಿ 87.2, ಎರಡನೆಯದರಲ್ಲಿ ಕ್ರ್ಯಾಂಕ್ ಸೇರಿಸಿ 87.6 ಸೆಂ.ಮೀ.; ವ್ಯತ್ಯಾಸ ಅತ್ಯಲ್ಪ. ಒಳ ಅಳತೆ 70 ಸೆಂ.ಮೀ. ಆದಾಗ ಇವು 76.3 ಮತ್ತು 78.8 ಆಗುತ್ತವೆ. ಕಾಲು ಗಿಡ್ಡವಾದರೂ ಕ್ರ್ಯಾಂಕ್ ಗಿಡ್ಡವಾಗದಿರುವುದೇ ಈ ಎರಡೂವರೆ ಸೆಂ.ಮೀ. ಅಂತರಕ್ಕೆ ಕಾರಣ. ರೇಸಿನವರ ಮೈಕಟ್ಟಿಗೆ ಹೊಂದಿದ ಎರಡನೆಯ ಸೂತ್ರ ನಮ್ಮ ಎಷ್ಟೋ ಹೆಂಗಸರನ್ನೂ ಶಾಲಾಮಕ್ಕಳನ್ನೂ ಅತಿ ಎತ್ತರಕ್ಕೆ ಕೂರಿಸುತ್ತದೆ. ಅಂಥವರು ಪೆಡಲ್ ಮುಟ್ಟಲು ಸೊಂಟವನ್ನು ಅತ್ತಿತ್ತ ವಾಲಿಸುತ್ತಾರೆ. ಮಂಡಿಯ ಹಿಂಭಾಗ ಸೆಳೆಯುತ್ತದೆ, ತೊಡೆಸಂದಿ ಉಜ್ಜಿ ಹುಣ್ಣಾಗುತ್ತದೆ.

ಮೊದಲ ಸೂತ್ರಕ್ಕೂ ಮಿತಿಯಿದೆ. ಅದರ ಹಿಂದಿನ ಪ್ರಯೋಗ ಅಳೆದದ್ದು ಅಲ್ಪಾವಧಿಯ ಬಲಪ್ರಯೋಗವನ್ನು, ದಿನನಿತ್ಯದ ಸುಖಾಸನವನ್ನಲ್ಲ. ತೊಡೆಯೆಲುಬು ಮತ್ತು ಮೊಣಕಾಲೆಲುಬಿನ ಪ್ರಮಾಣ, ಪಾದದ ಉದ್ದ, ಚಪ್ಪಲಿಯ ದಪ್ಪ ಇವಾವುವೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕಾಲಿನ ಉದ್ದಕ್ಕಿಂತ ಮಂಡಿಯ ಕೋನವನ್ನೇ ನಂಬಬೇಕೆಂಬುದು ನನ್ನ ನಿಲುವು. ನೇರವಾದ ಕಾಲನ್ನು 0 ಡಿಗ್ರಿ ಎಂದುಕೊಂಡರೆ, ಪೆಡಲ್ ತೀರಾ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಇದು 1994ರಲ್ಲಿ ಹೋಮ್ಸ್ ಮತ್ತು ಸಂಗಡಿಗರು ಸೂಚಿಸಿದ ಮಿತಿ. ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವುದು ಅತಿ ಎತ್ತರಕ್ಕೆ ವಿರುದ್ಧವಾದ ತಪ್ಪು: ನಿಂತಾಗ ಎರಡೂ ಪಾದ ನೆಲಕ್ಕೆ ಊರಲೆಂದು ಸೀಟನ್ನು ತಗ್ಗಿಸುತ್ತಾರೆ. ಆಗ ಮಂಡಿ ಬಹಳ ಬಾಗಿ, ಮಂಡಿಚಿಪ್ಪು ತೊಡೆಯೆಲುಬಿಗೆ ಒತ್ತಿ, ಮುಂಭಾಗ ನೋಯುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ರೂಢಿಸಿಕೊಂಡರೆ ಸೀಟನ್ನು ತಗ್ಗಿಸುವ ಅಗತ್ಯವೇ ಇರುವುದಿಲ್ಲ.

ಎತ್ತರಿಸಿದರೆ ಸೀಟು ಹಿಂದಕ್ಕೂ ಸರಿಯುತ್ತದೆ. ಸೀಟಿನ ಕೊಳವೆ ನೆಲಕ್ಕೆ 68 ಡಿಗ್ರಿ ಕೋನದಲ್ಲಿ ವಾಲಿರುವ ಸೈಕಲ್ಲಿನಲ್ಲಿ 3 ಸೆಂ.ಮೀ. ಎತ್ತರಿಸಿದರೆ ಸುಮಾರು 1.1 ಸೆಂ.ಮೀ. ಹಿಂದೆ ಹೋಗುತ್ತದೆ. ಆದ್ದರಿಂದ ಮುಂದು-ಹಿಂದಿನ ಹೊಂದಿಕೆಯನ್ನು ಎತ್ತರದ ನಂತರವೇ ಮಾಡಿ, ಮತ್ತೆ ಎತ್ತರ ನೋಡಬೇಕು.

ಸೀಟಿನ ಓರೆಯ ವಿಚಾರದಲ್ಲಿ 1999ರ ಒಂದು ಇಸ್ರೇಲಿ ಅಧ್ಯಯನ ಮುಖ್ಯ. ಬೆನ್ನುನೋವಿದ್ದ ಸವಾರರ ಸೀಟಿನ ಮೂತಿಯನ್ನು ತಗ್ಗಿಸಿದಾಗ ಶೇ. 70ಕ್ಕಿಂತ ಹೆಚ್ಚು ಮಂದಿಗೆ ನೋವು ಇಳಿಯಿತು. ಇದನ್ನು ನೆಟ್ಟಗೆ ಕೂರುವ ನಮ್ಮ ಸಾಮಾನ್ಯ ಸೈಕಲ್ಲಿಗೆ ಹಾಗೆಯೇ ಒಯ್ಯಲಾಗದು. ಅಲ್ಲಿ ಭಾರವೆಲ್ಲ ಕೂರುವ ಎಲುಬುಗಳ ಮೇಲಿರುವುದರಿಂದ, ಮೂತಿ ತಗ್ಗಿದರೆ ಸವಾರ ಜಾರಿ ಅಂಗೈಗಳ ಮೇಲೆ ಭಾರ ಹಾಕುತ್ತಾನೆ. ಸಮತಟ್ಟಾದ, ಅಗಲ ಸೀಟೇ ಅವನಿಗೆ ಲೇಸು.

ಕೋನಮಾಪಕವಿಲ್ಲದವರು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ನೋಡಬಹುದು: ಪೆಡಲ್ ಕೆಳಗಿದ್ದಾಗ ಸೊಂಟ ವಾಲದೆ ಕಾಲು ನೇರವಾಗಬೇಕು. ಮುಂಗಾಲನ್ನು ಇಟ್ಟೊಡನೆ ಬೇಕಾದ ಬಾಗು ತಾನಾಗಿ ಬರುತ್ತದೆ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಟ್ಟ ಯೋಜನೆಯಂಥ ಕಡೆ ಈ ಪರೀಕ್ಷೆ ತುಂಬ ಉಪಯುಕ್ತ. ಆ ವಯಸ್ಸಿನಲ್ಲಿ ಕಾಲು ಬೇಗ ಬೆಳೆಯುವುದರಿಂದ ವರ್ಷಕ್ಕೆರಡು ಬಾರಿಯಾದರೂ ಮಾಡಬೇಕು. ಎತ್ತರಿಸುತ್ತ ಹೋದಂತೆ ಸೀಟಿನ ಕಂಬದ ಮೇಲಿನ ಮಿತಿಗೆರೆ ಹೊರಗೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಆ ಮಗುವಿಗೆ ಇನ್ನು ದೊಡ್ಡ ಫ್ರೇಮಿನ ಸೈಕಲ್ಲೇ ಬೇಕು.