ಹಳೆಯ ಟಿ.ವಿ. ಪ್ರಸಾರಗಳ ಸಂರಕ್ಷಣೆ

ಟಿ.ವಿ. ಕಾರ್ಯಕ್ರಮಗಳನ್ನು ಅವು ಮನೆಗಳಿಗೆ ತಲುಪಿದ ರೂಪದಲ್ಲೇ, ಎಂದರೆ ನಡುವಣ ಜಾಹೀರಾತು, ಪ್ರಕಟಣೆ, ವಾಹಿನಿಯ ಲಾಂಛನಗಳ ಸಮೇತ, ಹುಡುಕಿ ಕಾಪಾಡುವ ಕೆಲಸ. ಕಾರ್ಯಕ್ರಮದ ಮೂಲಪ್ರತಿ ಉಳಿದಿದ್ದರೆ ಸಾಕೆಂದು ತಿಳಿಯುವಂತಿಲ್ಲ. ಆ ಪ್ರತಿಯಲ್ಲಿ ಸಾಮಾನ್ಯವಾಗಿ ಜಾಹೀರಾತು ಇರುವುದಿಲ್ಲ. ಪ್ರಸಾರದ ಹೊತ್ತಿಗೆ ಬಂದು ಸೇರಿ, ಅಲ್ಲಿಗೇ ಮುಗಿದುಹೋಗುವ ಸರಕು ಅದು.

ಮೊದಮೊದಲು ಬಹುಪಾಲು ನೇರಪ್ರಸಾರ. ಪರದೆಯ ಚಿತ್ರವನ್ನು ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದಿಟ್ಟದ್ದಷ್ಟೇ ಉಳಿಯಿತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ 2 ಇಂಚು ಅಗಲದ ವಿಡಿಯೋ ಟೇಪಿನ ಯಂತ್ರ ತಂದಿತು. ಟೇಪು ದುಬಾರಿ, ಅಳಿಸಿ ಮತ್ತೆ ಬಳಸಲು ಸಲೀಸು. ಹಾಗಾಗಿ ಉಳಿಸಲೆಂದು ಬಂದ ಸಾಧನವೇ ಅಳಿವಿಗೂ ದಾರಿಯಾಯಿತು. ಬಿಬಿಸಿ ತನ್ನ ಜನಪ್ರಿಯ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಟೇಪುಗಳನ್ನೇ ಅಳಿಸಿತು. ವಿದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ಕಂತುಗಳು ಮರಳಿ ದೊರೆತವು. ಕಾಣೆಯಾಗಿದ್ದ 9 ಕಂತುಗಳು ನೈಜೀರಿಯಾದ ಜೋಸ್ ನಗರದಲ್ಲಿ ಸಿಕ್ಕಿರುವುದು 2013ರಲ್ಲಿ ಪ್ರಕಟವಾಯಿತು.

ಅಮೆರಿಕನ್ ಫುಟ್‌ಬಾಲಿನ ಮೊದಲ ಸೂಪರ್ ಬೌಲ್ ಪಂದ್ಯದ (1967ರ ಜನವರಿ 15) ಕತೆ ಇನ್ನೂ ಸೋಜಿಗ. ಸಿಬಿಎಸ್, ಎನ್‌ಬಿಸಿ ವಾಹಿನಿಗಳೆರಡೂ ಅದನ್ನು ಪ್ರಸಾರ ಮಾಡಿದವು, ಎರಡೂ ಪೂರ್ಣ ಪ್ರತಿಯನ್ನು ಇಟ್ಟುಕೊಳ್ಳಲಿಲ್ಲ. ಪೆನ್ಸಿಲ್ವೇನಿಯಾದ ಒಬ್ಬ ವೀಕ್ಷಕ ಮುದ್ರಿಸಿಕೊಂಡಿದ್ದ ಟೇಪು ದಶಕಗಳ ನಂತರ ಅಟ್ಟದಿಂದ ಕೆಳಗಿಳಿಯಿತು. ಅದರಲ್ಲೂ ಪಂದ್ಯದ ಸ್ವಲ್ಪ ಭಾಗವಿಲ್ಲ. 2016ರಲ್ಲಿ ಫುಟ್‌ಬಾಲ್ ಲೀಗ್ ಅಂದು ತಾನೇ ಬೇರೆಯಾಗಿ ಚಿತ್ರೀಕರಿಸಿದ್ದ ಫಿಲ್ಮ್‌ಗೆ ರೇಡಿಯೋ ವೀಕ್ಷಕ ವಿವರಣೆ ಜೋಡಿಸಿ ಪಂದ್ಯವನ್ನು ತೋರಿಸಿತು. ಆಟ ಸಿಕ್ಕಿತು, ಅಂದಿನ ಪ್ರಸಾರ ಸಿಕ್ಕಲಿಲ್ಲ.

ಸಂಸ್ಥೆಯೊಂದು ಕ್ರಮಬದ್ಧವಾಗಿ ಮಾಡಿದ ಸಂಗ್ರಹಕ್ಕೆ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸುದ್ದಿಸಂಗ್ರಹ ಒಳ್ಳೆಯ ಉದಾಹರಣೆ. 1968ರ ಆಗಸ್ಟ್ 5ರಿಂದ ಅದು ಸಂಜೆಯ ರಾಷ್ಟ್ರೀಯ ವಾರ್ತೆಗಳನ್ನು ಮುದ್ರಿಸುತ್ತ ಬಂದಿದೆ. ಇದಕ್ಕಾಗಿ ಸಿಬಿಎಸ್ 1973ರಲ್ಲಿ ಮೊಕದ್ದಮೆ ಹೂಡಿತ್ತು. 1976ರ ಹಕ್ಕುಸ್ವಾಮ್ಯ ಕಾಯ್ದೆ ಗ್ರಂಥಾಲಯಗಳು ವಾರ್ತೆಗಳನ್ನು ಮುದ್ರಿಸಿಕೊಳ್ಳಲು ಅನುಮತಿ ಕೊಟ್ಟಿತು. ಒಂಟಿಯಾಗಿ ಇದಕ್ಕೂ ಹೆಚ್ಚಿನದನ್ನು ಮಾಡಿದವರು ಫಿಲಡೆಲ್ಫಿಯಾದ ಮಾಜಿ ಗ್ರಂಥಪಾಲಕಿ ಮರಿಯನ್ ಸ್ಟೋಕ್ಸ್. 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೂ ಹಲವು ವಿಸಿಆರ್‌ಗಳನ್ನು ಹಗಲಿರುಳು ಓಡಿಸಿದರು. ಮುಗಿದ ಕ್ಯಾಸೆಟ್ ಬದಲಿಸಲು ಮನೆಯವರೆಲ್ಲ ಸಿದ್ಧರಿರಬೇಕಿತ್ತು! ಸುಮಾರು 70,000 ಕ್ಯಾಸೆಟ್‌ಗಳು ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹಾಲಯಕ್ಕೆ ಸೇರಿದವು. ಸುದ್ದಿಯ ನಡುವೆ ಬಂದ ಜಾಹೀರಾತುಗಳೂ ಅವುಗಳಲ್ಲಿವೆ.

ಇಂಥ ಸಂಗ್ರಹಗಳ ಆಚೆಗೆ ಸಾಮಾನ್ಯರ ಮನೆಯ ಕ್ಯಾಸೆಟ್‌ಗಳೇ ಉಳಿದ ಆಧಾರ. ಎದುರು ಕುಳಿತು ಮುದ್ರಿಸುತ್ತಿದ್ದವರು ಜಾಹೀರಾತು ಬಂದೊಡನೆ ಪಾಜ್ ಗುಂಡಿ ಒತ್ತಿ ಟೇಪು ಉಳಿಸುತ್ತಿದ್ದುದುಂಟು. ಟೈಮರ್ ಇಟ್ಟು ಹೊರಗೆ ಹೋದವರಿಂದ ನಮಗೆ ಲಾಭವಾಯಿತು. ಲೇಬಲ್ ಇಲ್ಲದ ಕ್ಯಾಸೆಟ್‌ನ ಕಾಲವನ್ನು ಗೊತ್ತುಮಾಡಲು "ಈ ಶುಕ್ರವಾರ ಬಿಡುಗಡೆ" ಎನ್ನುವ ಸಿನಿಮಾ ಜಾಹೀರಾತಿಗಿಂತ ಒಳ್ಳೆಯ ಸಾಕ್ಷಿ ಅಪರೂಪ.

ಟೇಪಿನಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿದರೆ ಜಿಗುಟಾಗುತ್ತದೆ, ಬೂಷ್ಟು ಬೇರೆ. ಕೆಲವು ಬಗೆಯ ಟೇಪುಗಳನ್ನು ಹದವಾದ ಕಾವಿನಲ್ಲಿ ಒಣಗಿಸಿ, ಸ್ವಲ್ಪ ಕಾಲ ಓಡುವಂತೆ ಮಾಡಿ, ಡಿಜಿಟಲ್ ಪ್ರತಿ ತೆಗೆಯುತ್ತಾರೆ. ಹಳೆಯ ಯಂತ್ರಗಳೂ ಬಿಡಿಭಾಗಗಳೂ ಈಗ ಟೇಪಿನಷ್ಟೇ ಅಪರೂಪ.

ಭಾರತದಲ್ಲಿ ದೂರದರ್ಶನವು 1976ರ ಜನವರಿ 1ರಿಂದ ಜಾಹೀರಾತು ಸ್ವೀಕರಿಸತೊಡಗಿತು. 1987ರಲ್ಲಿ ಆರಂಭವಾದ 'ರಾಮಾಯಣ' 2020ರ ಲಾಕ್‌ಡೌನ್‌ನಲ್ಲಿ ಮರುಪ್ರಸಾರವಾಯಿತು. ಭಾನುವಾರದ ಆ ಕಂತುಗಳ ಹಿಂದೆಮುಂದೆ ಬರುತ್ತಿದ್ದ ಅಂದಿನ ಜಾಹೀರಾತುಗಳನ್ನು ನೋಡಬಯಸುವವರು ಮಾತ್ರ ಮನೆಮನೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನೇ ಹುಡುಕಬೇಕು.