ಮೈಸೂರು: ವಿಶ್ವವಿದ್ಯಾನಿಲಯ ನಗರದ ಸಂದರ್ಶನ

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸ್ಥಾಪನೆಗೊಂಡಿತು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ಪ್ರದೇಶದಲ್ಲಿ ಆರಂಭವಾದ ದೇಶದ ಪ್ರಥಮ ವಿಶ್ವವಿದ್ಯಾನಿಲಯವಿದು. ನಗರಕ್ಕೆ ಆಗಮಿಸುವ ಬಹುತೇಕ ಪ್ರವಾಸಿಗರು ಅರಮನೆ, ಮೃಗಾಲಯ ಹಾಗೂ ಚಾಮುಂಡಿ ಬೆಟ್ಟವನ್ನು ನೋಡಿ ಹಿಂದಿರುಗುವುದರಿಂದ ಅರಮನೆಯ ಪಶ್ಚಿಮಕ್ಕಿರುವ ವಿದ್ಯಾಕೇಂದ್ರಗಳು ಅವರ ಗಮನಕ್ಕೆ ಬರುವುದು ವಿರಳ. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮುಂತಾದ ಕಾರ್ಯನಿಮಿತ್ತ ವಿಶ್ವವಿದ್ಯಾನಿಲಯಕ್ಕೆ ಬರುವವರು ಅದೇ ದಿನ ಇವುಗಳನ್ನು ನೋಡಬಹುದಾಗಿದೆ.

ಸಂದರ್ಶನವನ್ನು ಜಗನ್ಮೋಹನ ಅರಮನೆಯಿಂದ ಆರಂಭಿಸುವುದು ಅನುಕೂಲಕರ. 1861ರಲ್ಲಿ ನಿರ್ಮಾಣಗೊಂಡ ಈ ಅರಮನೆಯ ಸಭಾಂಗಣದಲ್ಲಿ ವಿಶ್ವವಿದ್ಯಾನಿಲಯದ ಆರಂಭದ ವರ್ಷಗಳ ಘಟಿಕೋತ್ಸವಗಳು ನಡೆದವು. ರಾಜಾ ರವಿವರ್ಮನ ಚಿತ್ರಗಳಿರುವ ಕಲಾಶಾಲೆಯೂ ಇದೇ ಆವರಣದಲ್ಲಿದೆ.

ಮುಂದೆ ಮಹಾರಾಜ ಕಾಲೇಜು. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು 1833ರಲ್ಲಿ ತೆರೆದ ಉಚಿತ ಶಾಲೆಯೇ ಇದರ ಮೂಲ. ಡಾ. ಎಸ್. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕುವೆಂಪು ಅವರು ಇದೇ ಕಾಲೇಜಿನ ವಿದ್ಯಾರ್ಥಿಯಾಗಿ, ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬಳಿಕ 1956ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾದರು.

ಸಮೀಪದ ಪ್ರಾಚ್ಯವಿದ್ಯಾ ಸಂಶೋಧನಾಲಯವು ಹೊರನೋಟಕ್ಕೆ ಅರಮನೆಯಷ್ಟು ಆಕರ್ಷಕವಲ್ಲದಿದ್ದರೂ ಮಹತ್ತ್ವದಲ್ಲಿ ಯಾವುದಕ್ಕೂ ಕಡಿಮೆಯಲ್ಲ. 1891ರಲ್ಲಿ ಪ್ರಾಚ್ಯ ಗ್ರಂಥಾಲಯವಾಗಿ ಪ್ರಾರಂಭವಾದ ಇಲ್ಲಿಗೆ ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಗ್ರಂಥ ಲಿಪಿಯ ಓಲೆಗರಿಗಳ ಕಟ್ಟೊಂದನ್ನು ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಶತಮಾನಗಳಿಂದ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನು ಪ್ರಕಟಿಸಿದರು. ಪಂಡಿತರು ಆ ಕಟ್ಟನ್ನು ತಮ್ಮ ಮನೆಯ ಅಟ್ಟದಲ್ಲಿಯೇ ಇರಿಸಿಕೊಂಡಿದ್ದರೆ ಅದು ಹುಳುಗಳ ಪಾಲಾಗುವ ಸಂಭವವಿತ್ತು. ಮನೆಗಳಲ್ಲಿ ಹಳೆಯ ಓಲೆಗರಿಗಳನ್ನು ಹೊಂದಿರುವ ಸಾರ್ವಜನಿಕರು ಇದನ್ನು ಗಮನಿಸತಕ್ಕದ್ದು. ಹಸ್ತಪ್ರತಿಗಳನ್ನು ನೋಡಬಯಸುವವರು ಉದ್ದೇಶವನ್ನು ತಿಳಿಸಿ ಸಂಸ್ಥೆಯ ನಿರ್ದೇಶಕರಿಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಓಲೆಗರಿಗಳನ್ನು ಅನುಮತಿಯಿಲ್ಲದೆ ಮುಟ್ಟಬಾರದು.

ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನಕ್ಕೂ ಮಾನಸಗಂಗೋತ್ರಿಗೂ ನಡುವೆ ಕುಕ್ಕರಹಳ್ಳಿ ಕೆರೆ ಇದೆ. 1864ರಲ್ಲಿ ನಿರ್ಮಿಸಲಾದ ಈ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರೂ ಪಕ್ಷಿವೀಕ್ಷಕರೂ ಕಾಣಸಿಗುತ್ತಾರೆ. ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿತ್ತವರು ಕುವೆಂಪು. ಅಲ್ಲಿರುವ ಜಯಲಕ್ಷ್ಮಿ ವಿಲಾಸವು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಮಹಲು. ಮುಂದೆ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾಯಿತು. ಹಳೆಯ ಕಟ್ಟಡವಾದುದರಿಂದ ದುರಸ್ತಿಯ ನಿಮಿತ್ತ ಪ್ರವೇಶ ನಿರ್ಬಂಧಿಸಿರುವ ಸಂದರ್ಭಗಳುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರ ಮಹಲಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ.

ಈ ಕಟ್ಟಡಗಳಲ್ಲಿ ಹೆಚ್ಚಿನವು ಇಂದಿಗೂ ತರಗತಿ ಅಥವಾ ಕಚೇರಿಗಳಾಗಿವೆ. ಕೆಲಸದ ದಿನಗಳಲ್ಲಿ ಬರುವವರು ದ್ವಾರದಲ್ಲಿ ತಿಳಿಸಿ ಒಳಹೋಗತಕ್ಕದ್ದು. ಪರೀಕ್ಷಾ ದಿನಗಳನ್ನು ತಪ್ಪಿಸುವುದು ಒಳಿತು. ಬೇಲಿ ಹಾಕಿರುವ ಅಥವಾ ಬಿರುಕು ಬಿಟ್ಟಿರುವ ಕಟ್ಟಡಗಳ ಸಮೀಪ ಛಾಯಾಚಿತ್ರಕ್ಕಾಗಿಯೂ ಹೋಗಬಾರದು. 2012ರ ಆಗಸ್ಟ್‌ನಲ್ಲಿ ನಗರದ ಪಾರಂಪರಿಕ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು.