ಪೀತೆರ್: ಒಂದು ಮಹಾನಗರದ ನಾಮಾಂತರಗಳು

ರಷ್ಯ ದೇಶದ ವಾಯವ್ಯ ಭಾಗದಲ್ಲಿ, ನೇವಾ ನದಿಯು ಫಿನ್ಲೆಂಡ್ ಕೊಲ್ಲಿಯನ್ನು ಸೇರುವೆಡೆಯಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಎಂಬ ಮಹಾನಗರವಿರುವುದು ವಾಚಕರಿಗೆ ತಿಳಿದೇ ಇದೆ. ಅರಸರು ಊರುಗಳಿಗೆ ತಮಗೆ ಬೇಕಾದ ಹೆಸರಿಡುವುದು ಲೋಕದಲ್ಲಿ ಹೊಸದಲ್ಲ. ಆದರೆ ಒಂದೇ ಶತಮಾನದೊಳಗೆ ಮೂರು ಸಲ ನಾಮಾಂತರ ಹೊಂದಿ, ಕಡೆಗೆ ಮೊದಲಿನ ಹೆಸರಿಗೇ ಮರಳಿದ ನಗರಗಳು ವಿರಳ. 1914ರಲ್ಲಿ ಅದು ಪೆಟ್ರೋಗ್ರಾಡ್ ಆಯಿತು. 1924ರಲ್ಲಿ ಲೆನಿನ್‌ಗ್ರಾಡ್ ಆಯಿತು. 1991ರಲ್ಲಿ ಪುನಃ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಈ ಹೆಸರುಗಳೆಲ್ಲವೂ ಅಧಿಕಾರದಲ್ಲಿದ್ದವರ ಆಜ್ಞೆಯಿಂದಲೋ ಸಭೆಗಳ ನಿರ್ಣಯದಿಂದಲೋ ಬಂದವು. ಇವುಗಳ ನಡುವೆ, ಯಾರ ಆಜ್ಞೆಯನ್ನೂ ಕಾಯದೆ ಹುಟ್ಟಿ, ಯಾರ ನಿರ್ಣಯದಿಂದಲೂ ಅಳಿಯದೆ ಜನರ ಬಾಯಲ್ಲಿ ಉಳಿದುಬಂದ ಇನ್ನೊಂದು ಹೆಸರಿದೆ. ಅದು ‘ಪೀತೆರ್’.

ಮಹಾ ಪೀಟರನೆಂದು ಪ್ರಸಿದ್ಧನಾದ ದೊರೆಯು ಸ್ವೀಡನ್ನಿನವರಿಂದ ಗೆದ್ದುಕೊಂಡ ಆ ಜೌಗು ನೆಲದಲ್ಲಿ, ನೇವಾ ನದಿಯ ಮೊಲದ ದ್ವೀಪವೆಂಬ ನಡುಗಡ್ಡೆಯ ಮೇಲೆ, 1703ನೆಯ ಇಸವಿ ಮೇ 27ರಂದು (ಅಂದಿನ ರಷ್ಯದ ಪಂಚಾಂಗದಂತೆ ಮೇ 16) ಕೋಟೆಯೊಂದಕ್ಕೆ ಅಸ್ತಿಭಾರ ಹಾಕಿಸಿದನು. ಅವನು ನಗರಕ್ಕೆ ಇಟ್ಟುದು ತನ್ನ ಹೆಸರನ್ನಲ್ಲ. ತನ್ನ ರಕ್ಷಕ ಸಂತನಾದ ಅಪೊಸ್ತಲ ಪೀಟರನ ಹೆಸರನ್ನು. ಯೌವನದಲ್ಲಿ ಹಾಲೆಂಡಿಗೆ ಹೋಗಿ ಹಡಗು ಕಟ್ಟುವ ಕೆಲಸವನ್ನು ಕೈಯಾರೆ ಕಲಿತುಬಂದ ಈ ದೊರೆಗೆ ಡಚ್ಚರ ಭಾಷೆಯಲ್ಲಿ ಬಹಳ ಮೋಹ. ಆದುದರಿಂದ ಊರಿನ ಹೆಸರನ್ನು ಮೊದಮೊದಲು ಡಚ್ಚರ ರೀತಿಯಲ್ಲಿ ‘ಸಾಂಕ್ತ್ ಪೀತೆರ್ ಬುರ್ಖ್’ ಎಂದು ಬರೆಯುತ್ತಿದ್ದರು. ರಷ್ಯನ್ನರ ಬಾಯಲ್ಲಿ ಆ ಸಂತನ ಹೆಸರು ‘ಪ್ಯೋತ್ರ್’. ‘ಪೀತೆರ್’ ಎಂಬುದು ಡಚ್ಚರ ಉಚ್ಚಾರಣೆ. 1712ರಿಂದ ಮುಂದೆ, ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ, ಎರಡು ಶತಮಾನಗಳ ಕಾಲ ಈ ನಗರವೇ ಸಾಮ್ರಾಜ್ಯದ ರಾಜಧಾನಿಯಾಗಿದ್ದಿತು.

ಇಷ್ಟು ಉದ್ದದ ಪರಭಾಷೆಯ ಹೆಸರು ಹಳ್ಳಿಗರ ನಾಲಗೆಗೆ ಹೊಂದುವುದೆಂತು? ರಾಜಧಾನಿಯನ್ನು ಕಟ್ಟಲು ಬಲಾತ್ಕಾರದಿಂದ ಹಿಡಿತಂದ ಕೂಲಿಗಳಲ್ಲಿ ಸಾವಿರಾರು ಮಂದಿ ಚಳಿ, ರೋಗ, ಹಸಿವುಗಳಿಂದ ಅಲ್ಲಿಯೇ ಮಣ್ಣಾದರು. ಅನಂತರದ ತಲೆಮಾರುಗಳಲ್ಲಿ ಯಾರೊಸ್ಲಾವ್ಲ್, ಕೊಸ್ತ್ರೊಮಾ ಮೊದಲಾದ ಪ್ರಾಂತಗಳ ಒಕ್ಕಲುಮಕ್ಕಳು ಜಮೀನ್ದಾರರಿಗೆ ಸಲ್ಲಿಸಬೇಕಾದ ಹಣವನ್ನು ಸಂಪಾದಿಸುವುದಕ್ಕಾಗಿ ಬಡಗಿಗಳಾಗಿ, ಗಾರೆಯವರಾಗಿ, ಅಂಗಡಿಯ ಆಳುಗಳಾಗಿ ಅಲ್ಲಿಗೆ ಹೋಗಿ ದುಡಿದು ಬರುತ್ತಿದ್ದರು. ಅಂತಹರನ್ನು ಹಳ್ಳಿಗಳಲ್ಲಿ ‘ಪೀತೆರ್ಶ್ಚಿಕ್’ ಎಂದು ಕರೆಯುತ್ತಿದ್ದರು. ಪೀತೆರಿಗೆ ದುಡಿಯಲು ಹೋದವನೆಂದು ಅದರ ಅರ್ಥ. ಸಂತನನ್ನೂ ಬಿಟ್ಟು, ಕೋಟೆಯನ್ನೂ ಬಿಟ್ಟು, ನಡುವಿನ ಎರಡಕ್ಷರವನ್ನು ಮಾತ್ರ ಜನರು ಇಟ್ಟುಕೊಂಡರು. ಆಸ್ಥಾನದವರ ಸೇಂಟ್ ಪೀಟರ್ಸ್‌ಬರ್ಗ್ ಒಂದಾದರೆ, ದುಡಿಯುವವರ ಪೀತೆರ್ ಇನ್ನೊಂದಾಯಿತು.

1914ರ ಆಗಸ್ಟ್ ತಿಂಗಳ ಮೊದಲನೆಯ ದಿನ ಜರ್ಮನಿಯು ರಷ್ಯದ ಮೇಲೆ ಯುದ್ಧ ಸಾರಿತು. ಕೆಲವೇ ದಿನಗಳಲ್ಲಿ ರಾಜಧಾನಿಯಲ್ಲಿದ್ದ ಜರ್ಮನ್ ರಾಯಭಾರಿಯ ಭವನಕ್ಕೆ ಜನರ ಗುಂಪು ನುಗ್ಗಿ ಅದನ್ನು ಹಾಳುಗೆಡಹಿತು. ಆ ಆವೇಶದ ಕಾಲದಲ್ಲಿ ‘ಬುರ್ಗ್’ ಎಂಬ ಪದವು ಶತ್ರುವಿನ ಭಾಷೆಯಂತೆ ಕಿವಿಗೆ ಕಠೋರವಾಗಿ ಕೇಳಿಸಿತು. ಆಗಸ್ಟ್ 31ರಂದು ಎರಡನೆಯ ನಿಕೊಲಸ್ ಚಕ್ರವರ್ತಿಯು ನಗರವನ್ನು ಪೆಟ್ರೋಗ್ರಾಡ್ ಎಂದು ಕರೆಯತಕ್ಕದ್ದೆಂದು ಆಜ್ಞಾಪಿಸಿದನು. ಈ ಆಜ್ಞೆಯಲ್ಲಿ ಅಡಗಿದ್ದ ವಿನೋದವನ್ನು ಗಮನಿಸಬೇಕು. ಹಳೆಯ ಹೆಸರು ಹುಟ್ಟುವಾಗ ತೊಟ್ಟಿದ್ದುದು ಜರ್ಮನರ ವೇಷವನ್ನಲ್ಲ, ಡಚ್ಚರದನ್ನು. ಅದರಲ್ಲಿದ್ದ ‘ಸಂತ’ ಎಂಬ ಮಾತು ಹೊಸ ಹೆಸರಿನಲ್ಲಿ ಬಿದ್ದುಹೋದುದರಿಂದ, ಅಪೊಸ್ತಲನ ಪಟ್ಟಣವು ದೊರೆಯ ಪಟ್ಟಣವಾದಂತಾಯಿತು. ಅಚ್ಚ ರಷ್ಯನ್ ಎಂದು ತಂದ ‘ಗ್ರಾದ್’ ಕೂಡ ದಿನಬಳಕೆಯ ಮಾತಲ್ಲ, ಬಳಕೆಯಲ್ಲಿದ್ದುದು ‘ಗೋರೊದ್’. ‘ಗ್ರಾದ್’ ಎಂಬುದು ಚರ್ಚಿನ ಹಳೆಯ ಸ್ಲಾವ್ ಭಾಷೆಯಿಂದ ಬಂದುದು; ಕನ್ನಡದಲ್ಲಿ ತತ್ಸಮಕ್ಕಿರುವ ಗಾಂಭೀರ್ಯ ಅದಕ್ಕೆ ಅಲ್ಲಿದೆ. ಇಷ್ಟಕ್ಕೂ ಚಕ್ರವರ್ತಿಯ ಪಟ್ಟದರಸಿಯೇ ಜರ್ಮನಿಯಲ್ಲಿ ಹುಟ್ಟಿದವಳು! ಯುದ್ಧವನ್ನು ವಿರೋಧಿಸುತ್ತಿದ್ದ ಬೋಲ್ಷೆವಿಕ್ ಪಕ್ಷದ ನಗರ ಸಮಿತಿಯಾದರೋ ತನ್ನ ಹೆಸರನ್ನು ತಿದ್ದಿಕೊಳ್ಳಲೊಪ್ಪದೆ ಪೀಟರ್ಸ್‌ಬರ್ಗ್ ಸಮಿತಿಯೆಂದೇ ಉಳಿಯಿತು.

ಪೆಟ್ರೋಗ್ರಾಡ್ ಎಂಬ ಹೆಸರಿನ ಆಯುಸ್ಸು ಹತ್ತು ವರ್ಷವೂ ತುಂಬಲಿಲ್ಲ. ಆದರೂ 1917ರ ಎರಡು ಕ್ರಾಂತಿಗಳನ್ನು ಅದು ಕಂಡಿತು. 1918ರ ಮಾರ್ಚಿಯಲ್ಲಿ ಸರ್ಕಾರವು ಮಾಸ್ಕೋ ನಗರಕ್ಕೆ ಹೊರಟುಹೋಯಿತು. 20 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆಯು ಕ್ಷಾಮದಿಂದಲೂ ಅಂತರ್ಯುದ್ಧದಿಂದಲೂ 1920ರ ವೇಳೆಗೆ 8 ಲಕ್ಷಕ್ಕೂ ಕೆಳಗಿಳಿಯಿತು. ಬೀದಿಗಳ ಹೆಸರುಗಳೂ ಬದಲಾದುವು: ನೆವ್‌ಸ್ಕಿ ರಾಜಬೀದಿಗೆ ‘ಅಕ್ಟೋಬರ್ 25ರ ಬೀದಿ’ ಎಂದು ಹೆಸರಾಯಿತು. 1924ರ ಜನವರಿ 21ರಂದು ಲೆನಿನ್ ತೀರಿಕೊಂಡನು. ಐದೇ ದಿನಗಳೊಳಗೆ, ಅಂದರೆ 26ರಂದು, ಸೋವಿಯತ್ತುಗಳ ಮಹಾಧಿವೇಶನವು ನಗರವನ್ನು ಲೆನಿನ್‌ಗ್ರಾಡ್ ಎಂದು ಘೋಷಿಸಿತು. ಗಂಡನ ನೆನಪಿಗೆ ಸ್ಮಾರಕಗಳನ್ನೆತ್ತುವುದೂ ಅರಮನೆಗಳಿಗೆ ಅವನ ಹೆಸರಿಡುವುದೂ ಬೇಡ, ಶಿಶುವಿಹಾರಗಳನ್ನೂ ಶಾಲೆಗಳನ್ನೂ ಕಟ್ಟಿರಿ ಎಂದು ಅವನ ಹೆಂಡತಿ ಕ್ರುಪ್‌ಸ್ಕಾಯಾ ಆ ತಿಂಗಳ ಕೊನೆಯಲ್ಲಿ ಪತ್ರಿಕೆಯ ಮೂಲಕ ಬೇಡಿಕೊಂಡಳು. ಅಷ್ಟರಲ್ಲಿ ಹೆಸರಿಟ್ಟಾಗಿತ್ತು.

ಇಲ್ಲಿಯವರೆಗಿನ ಕಥೆಯನ್ನು ನೋಡಿದರೆ, ಅರಸುಗಳ ಹೆಸರು ಸುಳ್ಳು, ಜನರ ಹೆಸರೇ ನಿಜ ಎಂದು ತೀರ್ಮಾನಿಸಿಬಿಡಬಹುದಾಗಿದ್ದಿತು. ಆದರೆ ಮುಂದೆ ನಡೆದುದು ಆ ತೀರ್ಮಾನವನ್ನು ಅಲುಗಿಸುತ್ತದೆ. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯಗಳು ನಗರದ ಭೂಮಾರ್ಗಗಳನ್ನೆಲ್ಲ ಕತ್ತರಿಸಿದುವು. 1944ರ ಜನವರಿ 27ರವರೆಗೆ, 872 ದಿನ, ಮುತ್ತಿಗೆ ನಡೆಯಿತು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೂ ಕಾರ್ಖಾನೆಯಲ್ಲಿ ದುಡಿಯದವರಿಗೂ ದೊರೆಯುತ್ತಿದ್ದುದು ದಿನಕ್ಕೆ 125 ಗ್ರಾಂ ರೊಟ್ಟಿ, ಅದೂ ಕಲಬೆರಕೆಯದು. ಲಾಡೊಗಾ ಸರೋವರವು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಬಂದ ಬಂಡಿಗಳ ಧಾನ್ಯವೇ ಅವರ ಜೀವದ ಆಧಾರವಾಯಿತು. ಸತ್ತವರ ಸಂಖ್ಯೆಯನ್ನು ಆರು ಲಕ್ಷದಿಂದ ಹತ್ತು ಲಕ್ಷದವರೆಗೆ ನಾನಾ ಬಗೆಯಾಗಿ ಎಣಿಸಿದ್ದಾರೆ. ಪಿಸ್ಕರ್ಯೋವ್ಸ್ಕೊಯೆ ಎಂಬ ಒಂದೇ ಸ್ಮಶಾನದಲ್ಲಿ ಸುಮಾರು 4 ಲಕ್ಷ 20 ಸಾವಿರ ನಾಗರಿಕರು ಮಲಗಿದ್ದಾರೆ. ಹಸಿದ ವಾದ್ಯಗಾರರು 1942ರ ಆಗಸ್ಟ್ 9ರಂದು ಆ ಊರಿನಲ್ಲಿಯೇ ಬಾರಿಸಿದ ಶೋಸ್ತಕೋವಿಚನ ಏಳನೆಯ ಸಿಂಫನಿಗೆ ಲೆನಿನ್‌ಗ್ರಾಡ್ ಎಂಬ ಹೆಸರೇ ನಿಂತಿತು. ನಗರವನ್ನು ಕಾಪಾಡಿದವರ ಎದೆಯ ಮೇಲಿನ ಪದಕದಲ್ಲಿ ಇದ್ದುದೂ ಆ ಹೆಸರೇ.

ಈ ಮುತ್ತಿಗೆ ಇನ್ನೂ ಪೂರ್ತಿ ತೆರವಾಗಿರದ 1944ರ ಜನವರಿ 13ರಂದು ನಗರಾಡಳಿತವು ಸುಮಾರು ಇಪ್ಪತ್ತು ಬೀದಿ ಚೌಕಗಳಿಗೆ ಕ್ರಾಂತಿಪೂರ್ವದ ಹೆಸರುಗಳನ್ನು ಹಿಂದಿರುಗಿಸಿತು. ನೆವ್‌ಸ್ಕಿ ಪುನಃ ನೆವ್‌ಸ್ಕಿಯಾಯಿತು. ಜನರು ಅದನ್ನು ಬೇರೆ ಹೆಸರಿನಿಂದ ಕರೆಯಲು ಮನಸ್ಸು ಮಾಡಿಯೇ ಇರಲಿಲ್ಲ. ಹೀಗೆ ಒಂದೇ ದುಃಖದ ನಡುವೆ ಒಂದು ಕಡೆ ಹಳೆಯ ಹೆಸರು ಮರಳಿತು. ಇನ್ನೊಂದು ಕಡೆ, ಮೇಲಿನಿಂದ ಹೇರಿದ ಹೊಸ ಹೆಸರನ್ನು ಜನರು ಪ್ರಾಣ ತೆತ್ತು ತಮ್ಮದಾಗಿಸಿಕೊಂಡರು.

ಆದುದರಿಂದಲೇ 1991ರಲ್ಲಿ ಪ್ರಶ್ನೆಯೆದ್ದಾಗ ಮನೆಮನೆಗಳಲ್ಲಿ ಭೇದ ಹುಟ್ಟಿತು. ಸೋವಿಯತ್ ಆಡಳಿತದೊಡನೆ ಲೆನಿನ್ನನ ಹೆಸರೂ ಹೋಗಲಿ ಎಂದರು ಒಂದು ಪಕ್ಷದವರು. ನಮ್ಮವರು ಸತ್ತುದು ಲೆನಿನ್‌ಗ್ರಾಡಿಗಾಗಿ. ಹೆಸರನ್ನು ಅಳಿಸಿದರೆ ಅವರ ಸಮಾಧಿಯನ್ನೇ ಅಳಿಸಿದಂತೆ ಎಂಬುದು ಮುತ್ತಿಗೆಯಲ್ಲಿ ಬದುಕಿ ಉಳಿದ ಅನೇಕ ವೃದ್ಧರ ಸಂಕಟ. ದೇಶಭ್ರಷ್ಟನಾಗಿದ್ದ ಕಾದಂಬರಿಕಾರ ಸೊಲ್ಜೆನಿತ್ಸಿನನು ಎರಡನ್ನೂ ಒಪ್ಪದೆ, ಪರಭಾಷೆಯ ಹೆಸರಿಗೆ ಬದಲಾಗಿ ‘ಸ್ವ್ಯಾತೊ-ಪೆಟ್ರೋಗ್ರಾಡ್’ ಎಂಬುದನ್ನು ಸೂಚಿಸಿದನು. ಜೂನ್ 12ರಂದು ರಷ್ಯದ ಅಧ್ಯಕ್ಷನ ಚುನಾವಣೆಯ ಜೊತೆಯಲ್ಲಿಯೇ ನಗರವಾಸಿಗಳ ಮತವನ್ನು ಕೇಳಲಾಯಿತು. ಮೂಲ ಹೆಸರಿನ ಕಡೆಗೆ ಬಿದ್ದ ಮತ ನೂರಕ್ಕೆ 55ಕ್ಕೆ ಸ್ವಲ್ಪ ಕಡಿಮೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಹೆಸರು ಅಧಿಕೃತವಾಗಿ ಮರಳಿತು. ಇನ್ನೂರೆಂಬತ್ತೆಂಟು ವರ್ಷಗಳ ಇತಿಹಾಸದಲ್ಲಿ ಆ ಊರಿನವರನ್ನು ಹೆಸರಿನ ವಿಷಯವಾಗಿ ವಿಚಾರಿಸಿದುದು ಅದೇ ಮೊದಲು.

ಗೆದ್ದವರು ಸೋತವರ ಹೆಸರನ್ನು ಪೂರ್ತಿ ಅಳಿಸಲಿಲ್ಲ. ಸುತ್ತಣ ಪ್ರಾಂತವು ಇಂದಿಗೂ ಲೆನಿನ್‌ಗ್ರಾಡ್ ಪ್ರಾಂತವೇ. ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ ವೀರನಗರಿ ಲೆನಿನ್‌ಗ್ರಾಡಿಗೆ ಅರ್ಪಿತವಾದ ಕಲ್ಲಿನ ಕಂಬ ನಿಂತಿದೆ. ಪೀತೆರ್ ಎಂಬುದು ಕೂಡ ಎಲ್ಲರಿಗೂ ಪ್ರಿಯವೆನ್ನುವಂತಿಲ್ಲ. ಹಳೆಯ ಮನೆತನಗಳ ಕೆಲವರು ಅದನ್ನು ಗ್ರಾಮ್ಯವೆಂದು ದೂರವಿಟ್ಟು, ಪೂರ್ಣನಾಮವನ್ನೇ ಉಚ್ಚರಿಸುತ್ತಾರೆ. ಆದರೆ ಅಲ್ಪಸಂಖ್ಯಾತರ ಈ ಅಭಿರುಚಿಯಿಂದ ಬೀದಿಯ ಮಾತು ಬದಲಾಗಿಲ್ಲ. ಮಾಸ್ಕೋ ನಗರದಿಂದ ಅಲ್ಲಿಗೆ ಹೋಗುವ ರೈಲು ಇಂದಿಗೂ ‘ಲೆನಿನ್‌ಗ್ರಾಡ್ ನಿಲ್ದಾಣ’ದಿಂದ ಹೊರಡುತ್ತದೆ. ಪ್ರಯಾಣಿಕನ ಚೀಟಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಎಂದಿರುತ್ತದೆ. ಎಲ್ಲಿಗೆ ಪಯಣವೆಂದು ಎದುರಿನವರು ಕೇಳಿದರೆ ಅವನು ಹೇಳುವುದು, ಪೀತೆರಿಗೆ ಎಂದು.